ಕೇಳಿಸದೆ ಕೊಟ್ಟ ಮಾತು

"ಗುರುಗಳೇ, ಕಿವಿ ಕೇಳಿಸದವರಿಗೆ ಒಂದೇ ಮಾತನ್ನು ಎಷ್ಟು ಸಲ ಹೇಳಬೇಕು?"

ಮಠದಲ್ಲಿ ಅಡುಗೆ ಮಾಡುವ ಶಿಷ್ಯ ಶಾಂತವೀರ ಕೇಳಿದ. ದನಿಯಲ್ಲಿ ಸಿಟ್ಟಿತ್ತು. ಮಠದ ಉಗ್ರಾಣ ನೋಡಿಕೊಳ್ಳುವ ಹಿರಿಯ ಚರಂತಯ್ಯನವರಿಗೆ ಈಚೆಗೆ ಕಿವಿ ಮಂದವಾಗಿತ್ತು. ಬೇಳೆ ಕೊಡಿ ಎಂದರೆ ಬಾಳೆಎಲೆ ತಂದುಕೊಡುತ್ತಿದ್ದರು. ಜೋರಾಗಿ ಹೇಳಿದರೆ ಯಾಕೆ ಬೈಯುತ್ತೀ ಎಂದು ಮುಖ ಸಣ್ಣದು ಮಾಡುತ್ತಿದ್ದರು. ಮೆಲ್ಲಗೆ ಹೇಳಿದರೆ ಕೇಳಿಸುತ್ತಲೇ ಇರಲಿಲ್ಲ.

"ನನಗೆ ಸಾಕಾಗಿಹೋಗಿದೆ," ಎಂದ ಶಾಂತವೀರ.

ಗುರುಗಳು ಅವನನ್ನು ಕುಳ್ಳಿರಿಸಿಕೊಂಡು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಕಂಚುಗಾರನಿದ್ದ. ತಾಮ್ರದ ಹಂಡೆ, ಕೊಡಗಳನ್ನು ಬಡಿದು ಮಾಡುವುದು ಅವನ ಕಸುಬು. ಬೆಳಗಿನಿಂದ ಸಂಜೆಯವರೆಗೆ ತಗಡಿನ ಸದ್ದು ಅವನ ಕಿವಿಯ ಪಕ್ಕದಲ್ಲೇ ಇರುತ್ತಿತ್ತು. ನಡುವಯಸ್ಸು ದಾಟುವ ಹೊತ್ತಿಗೆ ಕಿವಿ ಮಂದವಾಯಿತು. ಅದು ಒಂದೇ ದಿನದಲ್ಲಿ ಆದದ್ದಲ್ಲವಾದ್ದರಿಂದ ಅವನಿಗೆ ತಿಳಿಯಲಿಲ್ಲ. ಈಚೆಗೆ ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ ಎಂದುಕೊಂಡ.

ತಿಳಿದದ್ದು ಅವನ ಹೆಂಡತಿ ಕಾಳಮ್ಮನಿಗೆ. ಮೊದಮೊದಲು ಅವಳು ಹೇಳಿದ್ದನ್ನೇ ಮತ್ತೆ ಹೇಳಿದಳು. ಆಮೇಲೆ ಕೂಗಿ ಹೇಳತೊಡಗಿದಳು. ಕೂಗಿ ಹೇಳಿದರೆ ಯಾವ ಮಾತೂ ಜಗಳದ ಹಾಗೆ ಕೇಳಿಸುತ್ತದೆ. ಊಟಕ್ಕೆ ಬನ್ನಿ ಎಂದು ಕರೆದರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. "ಯಾಕೆ ಅರಚುತ್ತೀ, ನಾನೇನು ಕಿವುಡನೇ?" ಎಂದು ಕಂಚುಗಾರ ರೇಗುತ್ತಿದ್ದ. ಒಮ್ಮೆ ನೆಂಟರೊಬ್ಬರು ಬಂದು ತಮ್ಮ ಅಣ್ಣ ತೀರಿಕೊಂಡ ಸುದ್ದಿ ಹೇಳಿದರು. ಕಂಚುಗಾರ ನಗುಮುಖದಿಂದ, ಒಳ್ಳೆಯದಾಯಿತು, ಬಹಳ ಒಳ್ಳೆಯದಾಯಿತು ಎಂದ. ಕಾಳಮ್ಮನಿಗೆ ಆ ನೆಂಟರ ಮುಂದೆ ತಲೆ ಎತ್ತಲಾಗಲಿಲ್ಲ.

ಅವಳಿಗೂ ಕೈತುಂಬ ಕೆಲಸ. ನೀರು ಸೇದಬೇಕು, ಒಲೆ ನೋಡಬೇಕು, ಗಂಡ ಬಡಿದಿಟ್ಟ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಸಬೇಕು. ಇದರ ನಡುವೆ ಕೂಗಿ ಕೂಗಿ ಸಂಜೆಗೆ ಗಂಟಲು ಕಟ್ಟುತ್ತಿತ್ತು. ಆದ್ದರಿಂದ ಅವಳು ಮಾತು ಕಡಿಮೆ ಮಾಡಿದಳು. ಊಟ, ನೀರು, ಗಿರಾಕಿ ಬಂದಿದ್ದಾರೆ, ಇಷ್ಟಕ್ಕೆ ಬಂದು ನಿಂತಿತು. ಬಾವಿಯ ಹತ್ತಿರ ಕೇಳಿದ ತಮಾಷೆ, ಎದುರುಮನೆಯ ಸೊಸೆ ತಂದ ಸೀರೆಯ ಬಣ್ಣ, ಇಂಥವನ್ನು ಕೂಗಿ ಹೇಳುವುದು ಹೇಗೆ? ಹೇಳಿದರೂ ಅದರಲ್ಲಿ ಸ್ವಾರಸ್ಯ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ನಕ್ಕರೆ ಕಂಚುಗಾರ, ಏನಂತೆ ಎಂದು ಕೇಳುತ್ತಿದ್ದ. ಏನಿಲ್ಲ ಬಿಡಿ ಎನ್ನುತ್ತಿದ್ದಳು ಕಾಳಮ್ಮ. ಬರಬರುತ್ತ ಅವನು ಕೇಳುವುದನ್ನೂ ಬಿಟ್ಟ. ಎದುರಿನವರ ಮುಖ ನೋಡಿ, ತಲೆಯಾಡಿಸಿ, ಹೂಂ ಎನ್ನುವುದನ್ನು ರೂಢಿ ಮಾಡಿಕೊಂಡ.

ಅವರಿಗೆ ಒಬ್ಬಳೇ ಮಗಳು. ಹತ್ತಿರದ ಇನ್ನೊಂದು ಪೇಟೆಗೆ ಕೊಟ್ಟಿದ್ದರು. ಒಂದು ಬೆಳಗ್ಗೆ ಅವಳು ಹೇಳದೆ ಕೇಳದೆ ತವರಿಗೆ ಬಂದಳು. ಒಲೆಯ ಮುಂದೆ ಕುಳಿತು ತಾಯಿಗೆ ಎಲ್ಲವನ್ನೂ ಹೇಳಿದಳು. ಗಂಡ ಹೊಡೆಯುತ್ತಾನೆ, ಹೊಡೆಯಲು ಕಾರಣವೂ ಬೇಕಿಲ್ಲ. ಅತ್ತೆ ನೋಡಿಯೂ ನೋಡದಂತೆ ಇರುತ್ತಾಳೆ. ಇನ್ನು ಆ ಮನೆಗೆ ಹೋಗಲಾರೆ ಎಂದಳು. ಸೆರಗು ಸರಿಸಿ ತೋಳಿನ ಮೇಲಿನ ಬಾಸುಂಡೆ ತೋರಿಸಿದಳು.

ಅದೇ ಕೋಣೆಯಲ್ಲಿ ಕಂಚುಗಾರ ಗೋಡೆಗೆ ಒರಗಿ ಕುಳಿತಿದ್ದ. ಅವರಿಬ್ಬರ ಬೆನ್ನು ಅವನ ಕಡೆಗಿತ್ತು. ಮಗಳ ಭುಜ ಅಲುಗುವುದನ್ನು ಕಂಡು, ಏನಾಯಿತು ಎಂದು ಕೇಳಿದ. ಕಾಳಮ್ಮ ಬೀದಿಬಾಗಿಲ ಕಡೆ ನೋಡಿದಳು. ಈ ಮಾತನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕೇ? "ಏನಿಲ್ಲ ಬಿಡಿ, ನೋಡಬೇಕೆನಿಸಿತಂತೆ, ಬಂದಿದ್ದಾಳೆ," ಎಂದಳು. ನಿಧಾನವಾಗಿ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೆಯೇ ಅಂದುಕೊಂಡಳು. ಅಮ್ಮ ಅಪ್ಪನಿಗೆ ಹೇಳಿರುತ್ತಾಳೆ ಎಂದು ಮಗಳು ನಂಬಿದ್ದಳು.

ಕೆಲವು ದಿನ ಕಳೆದು ಅಳಿಯ ಬಂದ. ಜೊತೆಗೆ ತನ್ನ ಊರಿನ ಹಿರಿಯರನ್ನು ಕರೆತಂದಿದ್ದ. ಕಾಳಮ್ಮ ಬಾವಿಗೆ ಹೋಗಿದ್ದಳು. ಕಂಚುಗಾರ ಸಂತೋಷದಿಂದ ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟ. ಏನೋ ಸಣ್ಣಪುಟ್ಟ ಮಾತು ಬಂತು, ಕಳಿಸಿಕೊಡಿ ಮಾವ ಎಂದು ಅಳಿಯ ಮೆಲುದನಿಯಲ್ಲಿ ಹೇಳಿದ. ಇಂದೇ ಕರೆದುಕೊಂಡು ಹೋಗುತ್ತೇವೆ, ಏನಂತೀರಿ ಎಂದರು ಹಿರಿಯರು. ಕಂಚುಗಾರ ಅವರ ಮುಖಗಳನ್ನು ನೋಡಿದ. ಎಲ್ಲರೂ ನಗುತ್ತಿದ್ದರು.

"ಹೂಂ, ಹಾಗೇ ಆಗಲಿ," ಎಂದ.

ಮಗಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ಎಲ್ಲ ತಿಳಿದೂ ಅಪ್ಪ ಒಪ್ಪಿದ ಎಂದುಕೊಂಡಳು. ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿದಳು.

ಕಾಳಮ್ಮ ಹಿತ್ತಿಲ ಕಡೆಯಿಂದ ನೀರು ಹೊತ್ತು ಬಂದಾಗ ಮಗಳು ಗಂಟು ಹಿಡಿದು ನಿಂತಿದ್ದಳು. ಅಪ್ಪ ಹೂಂ ಎಂದರು ಎಂದಳು, ಅಷ್ಟೇ. ಕಾಳಮ್ಮ ಕೊಡ ಕುಕ್ಕಿ ಇಳಿಸಿ, ಗಂಡನನ್ನು ಒಳಗೆ ಕರೆದಳು. ಯಾರಿಗೆ ಕೇಳಿಸಿದರೂ ಕೇಳಿಸಲಿ ಎಂದು ಗಂಟಲು ಹರಿಯುವಂತೆ ಕೂಗಿದಳು.

"ಮಗಳನ್ನು ಹೊಡೆಸಿಕೊಳ್ಳಲು ಕಳಿಸುತ್ತೀರಾ? ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನುವುದಕ್ಕೆ ಏನಾಗಿತ್ತು? ಹೂಂ ಯಾಕೆ ಅಂದಿರಿ?"

ಕಂಚುಗಾರನಿಗೆ ಅರ್ಧ ಕೇಳಿಸಿತು. ಉಳಿದದ್ದು ಅವಳ ಮುಖದಿಂದ ತಿಳಿಯಿತು.

"ಏನಂದೆ ಎಂದು ನಾನು ಕೇಳಿದಾಗಲೆಲ್ಲ ನಿನ್ನ ಮುಖ ಹೇಗಾಗುತ್ತದೆ ಎಂದು ನೀನು ನೋಡಿಲ್ಲ. ನಾನು ದಿನವೂ ನೋಡುತ್ತೇನೆ," ಎಂದ. "ಅದಕ್ಕಿಂತ ಹೂಂ ಎನ್ನುವುದು ಸುಲಭ. ಮಗಳಿಗೆ ಏನಾಗಿದೆ? ನನಗೆ ಹೇಳಿದವರು ಯಾರು?"

ಕಾಳಮ್ಮನಲ್ಲೂ ಉತ್ತರವಿತ್ತು. ತನ್ನ ಕಿವಿ ಮಂದ ಎಂದು ಇವನು ಎಂದಾದರೂ ಒಪ್ಪಿಕೊಂಡಿದ್ದನೇ? ಆದರೆ ಹೊರಗೆ ಅಳಿಯ ಕಾಯುತ್ತಿದ್ದ. ಜಗಳವಾಡಲು ಅದು ಹೊತ್ತಲ್ಲ. ಅವಳು ಗಂಡನ ಕೈ ಹಿಡಿದು ಹಿತ್ತಿಲ ಬಾಗಿಲಿಗೆ ಕರೆದೊಯ್ದಳು. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕುಳಿತು, ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡಳು. ಕೂಗಲಿಲ್ಲ. ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದಳು. ಒಂದು ಪದ ತಿಳಿಯದಿದ್ದರೆ ಇನ್ನೊಂದು ಪದ ಹುಡುಕಿದಳು. ನಡುವೆ ಒಮ್ಮೆ ಬೇಸತ್ತು ಎದ್ದೇಬಿಟ್ಟಳು, ಮತ್ತೆ ಕುಳಿತಳು. ಕಂಚುಗಾರ ಅವಳ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಎಲ್ಲ ತಿಳಿದ ಮೇಲೆ ಎದ್ದು ಮಗಳ ಹತ್ತಿರ ಹೋದ. ಸೆರಗು ಸರಿಸಿ ಬಾಸುಂಡೆ ನೋಡಿದ. ಅವಳ ಕೈಯಲ್ಲಿದ್ದ ಗಂಟನ್ನು ತೆಗೆದು ಮೂಲೆಗಿಟ್ಟ.

ಆಮೇಲೆ ಹೊರಗೆ ಬಂದು ಹೇಳಿದ: "ನನಗೆ ಕಿವಿ ಕೇಳಿಸುವುದಿಲ್ಲ. ನೀವು ಆಡಿದ್ದು ಕೇಳಿಸದೆಯೇ ಒಪ್ಪಿಕೊಂಡೆ, ಅದು ನನ್ನ ತಪ್ಪು. ಈಗ ತಿಳಿದಿದೆ. ಮಗಳನ್ನು ಕಳಿಸುವುದಿಲ್ಲ."

ತನಗೆ ಕಿವಿ ಕೇಳಿಸುವುದಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹಿರಿಯರು ಸಿಟ್ಟಾದರು. ಆಡಿದ ಮಾತಿಗೆ ನಿಲ್ಲದವನು ಎಂಬ ಹೆಸರು ಅವನಿಗೆ ಬಂತು, ಬಹಳ ಕಾಲ ಉಳಿಯಿತು. ಮಗಳು ಮಾತ್ರ ತವರಿನಲ್ಲೇ ಉಳಿದಳು.

ಅಂದಿನಿಂದ ಕಾಳಮ್ಮನಿಗೆ ತಾಳ್ಮೆ ಬಂತು ಎಂದುಕೊಳ್ಳಬೇಡ. ಮರುದಿನವೇ ತಾನು ಹೇಳಿದ್ದೊಂದು, ಅವನಿಗೆ ಕೇಳಿಸಿದ್ದೊಂದು ಆಗಿ ಅವಳು ಹಣೆ ಚಚ್ಚಿಕೊಂಡಳು. ಆದರೆ ಸಂಜೆ ಬೆಳಕಿರುವಾಗ ಹಿತ್ತಿಲ ಬಾಗಿಲಲ್ಲಿ ಗಂಡನ ಎದುರು ಕುಳಿತು, ಅಂದು ಬಾವಿಯ ಹತ್ತಿರ ಯಾರು ಏನೆಂದರು ಎಂದು ಹೇಳುತ್ತಿದ್ದಳು. ಅವನು, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎನ್ನುತ್ತಿದ್ದ. ಕೆಲವು ಸಂಜೆ ಅವಳು ಸಿಟ್ಟಿನಿಂದ ಎದ್ದು ಒಳಗೆ ಹೋಗುತ್ತಿದ್ದಳು. ಅವನು ಅಲ್ಲೇ ಕಾದಿರುತ್ತಿದ್ದ. ಅವಳು ಗೊಣಗುತ್ತ ತಿರುಗಿ ಬಂದು ಕೂರುತ್ತಿದ್ದಳು.

ಗುರುಗಳು ಕಥೆ ಮುಗಿಸಿದರು.

ಶಾಂತವೀರನ ಬೇಸರ ಇಳಿದಿರಲಿಲ್ಲ. "ಅವಳು ಹೆಂಡತಿ, ಗುರುಗಳೇ. ನಾನು ಪಂಕ್ತಿ ಕೂರುವುದರೊಳಗೆ ಅಡುಗೆ ಮುಗಿಸಬೇಕಾದವನು. ಎದುರು ಕುಳಿತು ಬಿಡಿಸಿ ಹೇಳಲು ನನಗೆ ಹೊತ್ತೆಲ್ಲಿದೆ?"

"ಇರಲಿ," ಎಂದರು ಗುರುಗಳು. "ಕೆಲಸದ ಮಾತು ಬಿಟ್ಟು, ಚರಂತಯ್ಯನವರ ಜೊತೆ ನೀನು ಕೊನೆಯ ಸಲ ಆಡಿದ ಮಾತು ಯಾವುದು?"