ಒಣಪಾಚಿ ಬಾವಿ

ಜಾಲಿಮರಡಿ ಊರಿನಿಂದ ನೂರು ಹೆಜ್ಜೆ ಮೂಡಲಿಗೆ ನಡೆದರೆ ಒಂದು ಮೆಟ್ಟಿಲುಬಾವಿ ಸಿಗುತ್ತದೆ. ಕಡುಬೇಸಿಗೆಯಲ್ಲೂ ಅದರ ನೀರು ಐದು ಮೆಟ್ಟಿಲಿಗಿಂತ ಕೆಳಗಿಳಿದಿದ್ದಿಲ್ಲ. ಹೆಸರು ಮಾತ್ರ ಒಣಪಾಚಿ ಬಾವಿ! ತುಂಬಿದ ಬಾವಿಗೆ ಇಂಥ ದರಿದ್ರ ಹೆಸರಿಟ್ಟ ಪುಣ್ಯಾತ್ಮರು ಯಾರಪ್ಪಾ ಎಂದು ಹೊಸಬರು ಮೂಗು ಮುರಿಯುತ್ತಾರೆ. ಇಟ್ಟವಳು ಬಾವಿ ತೋಡಿದವಳೇ, ಅದೂ ಹಟ ಹಿಡಿದು.

ಹಿಂದೆ ಒಮ್ಮೆ, ಊರು ಇನ್ನೂ ಮೂವತ್ತು ಗುಡಿಸಲಿನದಾಗಿದ್ದಾಗ, ಹುಲಿಗೆವ್ವ ಎಂಬಾಕೆ ಬಾವಿ ತೋಡುವ ಏಳು ಮನೆಯ ಜನರನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು ಎನ್ನುತ್ತಾರೆ. ಊರೂರಿಗೆ ನೀರು ಕೊಟ್ಟ ಆ ಜನಕ್ಕೆ ತಮ್ಮದೆನ್ನುವ ಊರೊಂದಿರಲಿಲ್ಲ. ಹರದಾರಿ ದೂರದ ಹಳ್ಳದಿಂದ ನೀರು ಹೊತ್ತು ಇಲ್ಲಿನ ಹೆಂಗಸರ ನೆತ್ತಿ ಸವೆದಿತ್ತು. ಸಿಹಿನೀರು ತೋರಿಸಿದರೆ ಏಳೂ ಮನೆಗೆ ಜಾಗ ಕೊಡುವುದಾಗಿ ಊರಿನ ಹಿರಿಯ ಶಿವನಗೌಡ ಮಾತು ಕೊಟ್ಟ. ಹುಲಿಗೆವ್ವ ಮೂರು ದಿನ ಊರ ಪಕ್ಕದ ಮರಡಿಗುಡ್ಡ ಸುತ್ತಿದಳು. ನಾಲ್ಕನೆಯ ದಿನ ಅವಳಿಗೆ ಬೆಣಚುಕಲ್ಲಿನ ಒಂದು ಹರಳು ಸಿಕ್ಕಿತು. ನೀರಿನಂತೆ ತಿಳಿಯಾದ ಅದರೊಳಗೆ ಹಸಿರು ಎಳೆಗಳು ಹರಡಿಕೊಂಡಿದ್ದವು. ಕಲ್ಲಿಗೆ ಪಾಚಿ ಹತ್ತಿದರೆ ಅಡಿಯಲ್ಲಿ ನೀರುಂಟು ಎಂಬುದು ಬಾವಿಯವರ ಹಳೆಯ ಮಾತು. ಇದಕ್ಕೋ ಹೊಟ್ಟೆಯೊಳಗೇ ಪಾಚಿ! ಅವಳಿಗೆ ಇನ್ನೇನು ಬೇಕು? ಅಲ್ಲೇ ಗುದ್ದಲಿ ಊರಿದಳು.

ಏಳಾಳು ಆಳ ಹೋದರೂ ಹನಿ ನೀರಿಲ್ಲ. ಒಂದು ಮಧ್ಯಾಹ್ನ ತಳದಲ್ಲಿ ಅಂಥದೇ ದೊಡ್ಡ ಹರಳು ಎದ್ದಿತು. ಹುಲಿಗೆವ್ವ ಅದನ್ನು ಒಡೆದು ಹಸಿರನ್ನು ಉಗುರಿನಿಂದ ಕೆರೆದಳು. ಉಗುರಿಗೇನೂ ಹತ್ತಲಿಲ್ಲ. ಪಾಚಿಯಲ್ಲ, ಅದೂ ಕಲ್ಲೇ. ಜೊತೆಗೆ ತೋಡುತ್ತಿದ್ದ ಅವಳ ತಮ್ಮ ಕೆಂಚಪ್ಪ ಪಿಸುಗುಟ್ಟಿದ: "ಬಾಯಿ ಬಿಡಬ್ಯಾಡ ಅಕ್ಕಾ, ಏಳು ಮನಿ ಬೀದಿಗೆ ಬೀಳತಾವ." ಬೀಳುತ್ತವೆಂದು ಅವಳಿಗೆ ಗೊತ್ತಿರಲಿಲ್ಲವೇ? ಆದರೂ ಹಗ್ಗ ಹಿಡಿದು ಮೇಲೆ ಬಂದಳು, ನೆರೆದವರ ಮುಂದೆ ಆ ಚೂರನ್ನು ಗೌಡನ ಕೈಗಿಟ್ಟಳು.

"ಪಾಚಿ ಅಂತ ತಿಳಕೊಂಡಿದ್ದೆ ಗೌಡ್ರ. ತಪ್ಪಿದೆ. ಬೆಣಚಿನ ಪಟ್ಟಿ ಮೂಡಲಿಗೆ ಸೀಳೈತಿ, ಅಲ್ಲಿ ಕೈ ಇಟ್ರ ತಂಪು ಹತ್ತತೈತಿ. ಆದ್ರ ನೀರು ಬಂದ ಬರತೈತಿ ಅಂತ ಖಾತ್ರಿ ಕೊಡಾಂಗಿಲ್ಲ."

ಜನ ಗುಜುಗುಜು ಎಂದರು. ಮುಂಗೋಪಿ ಎಂದು ಹೆಸರಾದ ಗೌಡ ಚೂರನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಖಾತ್ರಿ ಕೊಟ್ಟೋರು ಭಾಳ ಮಂದಿ ಬಂದು ಹ್ವಾದ್ರು. ತಪ್ಪಿದೆ ಅಂದಾಕಿ ನೀ ಒಬ್ಬಾಕಿ. ಆ ಸೀಳಿಗೇ ಹಾಕವ್ವ ಹಾರಿ" ಎಂದ. ಹಾರೆ ಹಾಕಿದ ಮೂರನೆಯ ದಿನ ಸೀಳಿನಿಂದ ನೀರು ಚಿಮ್ಮಿ ಕೆಂಚಪ್ಪನ ಮುಖಕ್ಕೇ ಹೊಡೆಯಿತಂತೆ. ಅವನು ನಗುತ್ತಲೇ ಅತ್ತನಂತೆ.

ಊರವರು ಹುಲಿಗೆವ್ವನ ಬಾವಿ ಎನ್ನಹೊರಟರು. ಅವಳು ಸುತರಾಂ ಒಪ್ಪಲಿಲ್ಲ. "ನನ್ನ ಹೆಸರಿಟ್ರ ನನಗ ಎಲ್ಲಾ ಗೊತ್ತಿತ್ತು ಅಂದಾರು. ತಪ್ಪಿನ ಹೆಸರಿಡ್ರಿ, ಒಣಪಾಚಿ ಅನ್ರಿ, ಮುಂದ ತೋಡೋರು ಒಡದು ನೋಡಲಿ" ಎಂದಳು.

ಅಂದು ಒಡೆದ ಹರಳು ಇಂದಿಗೂ ಬಾವಿಕಟ್ಟೆಯಲ್ಲಿ ಗಾರೆ ಹಾಕಿ ಕೂರಿಸಿದ್ದು ಹಾಗೇ ಇದೆ. ಸುತ್ತಲ ಸೀಮೆಯ ಬಾವಿ ತೋಡುವವರು ಹೊಸ ಕೆಲಸಕ್ಕೆ ಹೊರಡುವ ಮುನ್ನ ಬಂದು ಅದನ್ನು ಮುಟ್ಟಿ ಹೋಗುತ್ತಾರೆ. ನೋಡಬಂದವರಿಗೂ ಆ ಹಸಿರನ್ನು ಉಗುರಿನಿಂದ ಕೆರೆಯದೆ ಇರಲಾಗದು. ಆಗ ನೀರಿಗೆ ಬಂದ ಏಳುಮನೆ ಓಣಿಯ ಹೆಂಗಸರು ನಕ್ಕು, "ನಮ್ಮಜ್ಜೀನೂ ಹಂಗ ಕೆರದಿದ್ಲ ಬಿಡ್ರಿ" ಎಂದು ಮೊದಲ ಕೊಡದ ನೀರನ್ನು ಅವರ ಬೊಗಸೆಗೇ ಹೊಯ್ಯುತ್ತಾರೆ.