ಸತ್ತವನ ತೊಟ್ಟಿಲು

ಹಿಂದಕ್ಕೆ, ರಾಣಿಯ ಮುಖದ ರೂಪಾಯಿ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಗುಡ್ಡದ ಮಗ್ಗುಲಿಗೆ ಒಂದೂರಿತ್ತು. ಹುಣಸಿಗಟ್ಟಿ ಅಂತ ಅದರ ಹೆಸರು. ಕಿವಿ ಕೊಟ್ಟು ಕೇಳಿರಿ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಅರ್ಧ ನಂಬಿದ್ದೇನೆ, ಅದೂ ಯಾವ ಅರ್ಧ ಅಂತ ಕೇಳಬೇಡಿ.

ಆ ಊರಲ್ಲಿ ಈರಪ್ಪ, ಸುಂಕಪ್ಪ ಅಂತ ಅಣ್ಣತಮ್ಮಂದಿರು. ಹೆತ್ತವರು ಬೇಗ ತೀರಿಕೊಂಡಿದ್ದರು. ಸುಂಕಪ್ಪನಿಗೆ ಮೀಸೆ ಮೂಡುವ ಮೊದಲೇ ತಿಮ್ಮವ್ವ ಅನ್ನುವ ಪುಟ್ಟ ಹುಡುಗಿಯ ಕೂಡ ಮದುವೆ ಮಾಡಿದ್ದರು. ಹುಡುಗಿ ಇನ್ನೂ ತವರಲ್ಲೇ ಇದ್ದಳು. ಅಷ್ಟರಲ್ಲಿ ರಾಣಿಯ ದಂಡಿಗೆ ಆಳು ಬೇಕು ಅಂತ ಡಂಗುರ ಹೊಡೆದರಂತೆ, ಸುಂಕಪ್ಪ ಹೋದನಂತೆ. ಯಾಕೆ ಹೋದ? ಹೊಟ್ಟೆಪಾಡಿಗೆ ಅಂತ ಕೆಲವರು, ಅಣ್ಣನ ಬೈಗುಳ ತಾಳಲಾರದೆ ಅಂತ ಕೆಲವರು. ಬಳ್ಳಾರಿಯ ದಂಡು ಸೇರಿ, ಮದರಾಸಿಗೆ ನಡೆದು, ಹಡಗು ಹತ್ತಿ ಕಡಲಾಚೆಗೆ ಹೋದನಂತೆ. ಅಲ್ಲಿ ಹಾರಿ ಬಂದ ಗುಂಡನ್ನು ಹಲ್ಲಲ್ಲಿ ಕಚ್ಚಿ ಹಿಡಿದನಂತೆ. ಹಡಗು ಮುಳುಗಿದಾಗ ತನ್ನ ಸಾಹೇಬನನ್ನು ಬೆನ್ನ ಮೇಲೆ ಹೊತ್ತು ಈಜಿದನಂತೆ. ನಮ್ಮೂರ ಹಳ್ಳದಲ್ಲಿ ಮೊಣಕಾಲು ನೀರಿಗೆ ಹೆದರುತ್ತಿದ್ದವನು ಕಡಲು ಈಜಿದನಂತೆ! ಸುಳ್ಳಿಗೂ ಒಂದು ಮಿತಿ ಬೇಡವೇ?

ಮೊನ್ನೆ ನನ್ನ ಮೊಮ್ಮಗ ಬಸಲಿಂಗ ಮದರಾಸಿನ ತನಕ ಹೋಗಿ ಹಳೆಯ ದಂಡಿನ ಕಡತಗಳನ್ನು ತಿರುವಿ ಹಾಕಿ ಬಂದ. ಸುಂಕಪ್ಪಗಳು ಬೇಕಾದಷ್ಟು ಸಿಕ್ಕರಂತೆ, ನಮ್ಮವನು ಯಾರು ಅಂತ ತಿಳಿಯಲಿಲ್ಲವಂತೆ. ಅಲ್ಲೇನು ಹುಡುಕುತ್ತೀಯೋ ಅಂತ ನಾನಂದೆ. ನಮಗೆ ಹೆಳವ ಇಲ್ಲವೇ? ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಮನೆಯ ಮುಂದೆ ನಮ್ಮ ವಂಶವನ್ನೆಲ್ಲ ಹಾಡಿ ಹೇಳುವವನು ಅವನು. ಯಾರಿಗೆ ಯಾರು ಹುಟ್ಟಿದರು, ಯಾರು ಸತ್ತರು, ಎಲ್ಲ ಅವನ ನಾಲಿಗೆಯ ಮೇಲಿರುತ್ತದೆ. ಹೆಳವ ಹಾಡಿದ ಮೇಲೆ ಮುಗಿಯಿತು. ತಳವಾರನೂ ಅದನ್ನು ಅಳಿಸಲಾರ, ತಹಸೀಲ್ದಾರನೂ ಅಳಿಸಲಾರ.

ಈಗ ಮುಂದೆ ಕೇಳಿರಿ. ಸುಂಕಪ್ಪನ ಸುದ್ದಿಯೇ ಇಲ್ಲ. ತಿಮ್ಮವ್ವ ದೊಡ್ಡವಳಾಗಿ ಗಂಡನಿಲ್ಲದ ಗಂಡನ ಮನೆಗೆ ಬಂದಳು. ಒಂದು ವರ್ಷ ಪಕ್ಕದೂರಿನವನೊಬ್ಬ ದಂಡಿನಿಂದ ತಿರುಗಿ ಬಂದು, ಹಡಗಿನ ಮಂದಿಯೆಲ್ಲ ಜ್ವರದಲ್ಲಿ ಹೋದರು ಅಂತ ಹೇಳಿದ. ಈರಪ್ಪ ಜೋಳದ ಹಿಟ್ಟಿನಲ್ಲಿ ಒಂದು ಮನುಷ್ಯನ ಬೊಂಬೆ ಮಾಡಿಸಿ, ತಮ್ಮ ಅಂತ ಹೆಸರಿಟ್ಟು ಹೊಲದಲ್ಲಿ ಹೂಳಿಸಿದ. ತಿಮ್ಮವ್ವನ ಬಳೆ ಒಡೆದರು. ಆ ಸುಗ್ಗಿಗೆ ಬಂದ ಹೆಳವ, ಸುಂಕಪ್ಪ ದಂಡಿಗೆ ಹೋಗಿ ಮಡಿದ ಅಂತ ಹಾಡಿದ. ಹೊಲವೆಲ್ಲ ಈರಪ್ಪನದಾಯಿತು. ಅಳುವಾಗ ಅವನ ಒಂದು ಕಣ್ಣು ಹೊಲದ ಮೇಲಿತ್ತು ಅಂತಾರೆ. ಊರ ಬಾಯಿಗೆ ಮುಚ್ಚಳವಿಲ್ಲ.

ಆಮೇಲೆ ಎಷ್ಟೋ ವರ್ಷಕ್ಕೆ ಒಂದು ದಿನ ಹೊತ್ತೇರುವಾಗ ಕೆಂಪು ಕೋಟಿನ ಒಬ್ಬ ಗಂಡಸು ಊರಿಗೆ ಬಂದು, ನಾನು ಸುಂಕಪ್ಪ ಅಂದನಂತೆ.

ಊರು ಬಾಗಿಲು ಹಾಕಿಕೊಂಡಿತು. ಸತ್ತವನು ಹೇಗೆ ಬಂದ? ಊರ ಹಿರಿಯರು ಅವನನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ ಒಂದೊಂದೇ ಕೇಳಿದರು. ನಿಮ್ಮ ಮನೆಯ ಎತ್ತಿನ ಹೆಸರೇನು? ಹೇಳಿದ. ಯಾವ ಬಾವಿಗೆ ಬಿದ್ದಿದ್ದೆ? ಹೇಳಿದ. ತಪ್ಪು ಹೇಳಿದ್ದರೆ ಮೋಸಗಾರ ಅಂತ ಓಡಿಸುತ್ತಿದ್ದರು. ಎಲ್ಲ ಸರಿ ಹೇಳಿದ್ದಕ್ಕೆ ಇನ್ನಷ್ಟು ಅನುಮಾನ ಬಂತು. ಇಷ್ಟು ನೆನಪು ಮನುಷ್ಯನಿಗೆ ಎಲ್ಲಿಂದ ಬರಬೇಕು, ಇದು ದೆವ್ವವೇ ಅಂದರು. ಸಾಲದ್ದಕ್ಕೆ ಆ ಕಟ್ಟೆಯಲ್ಲೇ ಉಳಿದ ಅವನು ಬೆಳಗಾದರೆ ದಿನಾ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಅದು ದಂಡಿನ ರೂಢಿ. ನಮ್ಮವರಿಗೆ ಏನು ಗೊತ್ತು? ವಾರಕ್ಕೊಮ್ಮೆ ಗೊತ್ತಾದ ದಿನ ಬಿಟ್ಟು ಗಡ್ಡ ತೆಗೆಸುವುದು ಮನೆಯಲ್ಲಿ ಸಾವಾದರೆ ಮಾತ್ರ. ತನ್ನ ಸೂತಕ ತಾನೇ ಹಿಡಿದಾನೆ ನೋಡಿರಿ ಅಂತ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರಂತೆ.

ಎಲ್ಲರಿಗಿಂತ ಹೆಚ್ಚು ಅನುಮಾನ ಈರಪ್ಪನಿಗೆ. ಅವನು ತಮ್ಮನ ಮುಖವನ್ನೇ ನೋಡಲಿಲ್ಲ. ಹೆಳವನನ್ನು ಕರೆಸಿರಿ, ಅವನು ಹೇಳಿದಂತೆ ಆಗಲಿ ಅಂದ.

ಹೆಳವ ಬಂದ. ಹಾಡಿದ್ದನ್ನು ತಿರುಗಿ ನುಂಗಲಿಕ್ಕೆ ಬರುವುದಿಲ್ಲ, ಸುಂಕಪ್ಪ ಸತ್ತವನು ಸತ್ತವನೇ ಅಂದ. ಒಂದೇ ದಾರಿ, ಇವನು ಹೊಸದಾಗಿ ಹುಟ್ಟಬೇಕು. ತೊಟ್ಟಿಲಿಗೆ ಹಾಕಿ ಹೆಸರಿಡಿರಿ, ಹುಟ್ಟಿದ ಅಂತ ಹಾಡುತ್ತೇನೆ ಅಂದ. ಆದರೆ ಹುಟ್ಟುವವನಿಗೆ ತಾಯಿ ಬೇಕಲ್ಲ? ಯಾವ ಹೆಂಗಸೂ ಮುಂದೆ ಬರಲಿಲ್ಲ. ದೆವ್ವವನ್ನು ಯಾರು ಹೆತ್ತಾರು? ಈರಪ್ಪನ ಹೆಂಡತಿ ಒಂದು ಹೆಜ್ಜೆ ಇಟ್ಟಳಂತೆ, ಈರಪ್ಪ ಕಣ್ಣು ಬಿಟ್ಟನಂತೆ, ಅವಳು ನಿಂತಳಂತೆ. ತಾಯಿಯಿಲ್ಲದೆ ಹುಟ್ಟಿದರೆ ಮನೆಯಿಲ್ಲ, ಹೊಲವೂ ಇಲ್ಲ ಅಂತ ಈರಪ್ಪ ಅಂದ. ಆಗಲಿ ಅಂದ ಬಂದವನು. ಹೊಲ ಬೇಡ, ತಿಮ್ಮವ್ವ ಬರುತ್ತಾಳೋ ಇಲ್ಲವೋ ಅಷ್ಟು ಕೇಳಿರಿ ಅಂದ.

ಆಗ ತಿಮ್ಮವ್ವ ಬಂದಳು. ಬರಿಗೈ, ಬಿಳಿ ಸೀರೆ. ಎದುರಿಗೆ ನಿಂತು ಕೇಳಿದಳು:

"ಎತ್ತು ನೆನಪೈತಿ, ಬಾವಿ ನೆನಪೈತಿ. ನನ್ನ ಮಕ ನೆನಪೈತೇನು?"

ಅವನು ಬಹಳ ಹೊತ್ತು ನೋಡಿದ. "ಇಲ್ಲ. ಎಷ್ಟೋ ರಾತ್ರಿ ನೆನಪು ಮಾಡಿಕೊಂಡೆ, ಬರಲಿಲ್ಲ. ಮರ್ತೀನಿ" ಅಂದ.

ಊರು ಹೋ ಅಂದಿತು. ಸಿಕ್ಕಿಬಿದ್ದ ಕಳ್ಳ ಅಂದಿತು. ತಿಮ್ಮವ್ವ ತಿರುಗಿ ನಿಂತು ಗದರಿದಳಂತೆ.

"ಸುಮ್ಮನಿರ್ರಿ! ಮೋಸಗಾರ ಆಗಿದ್ರ ನೆನಪೈತಿ ಅಂತಿದ್ದ. ದೆವ್ವಕ್ಕ ಮರವು ಎಲ್ಲೈತಿ? ಇಷ್ಟು ವರ್ಷ ಬರಿಗೈಲೆ ಕುಂತು ನಾನೂ ಇವನ ಮಕ ಮರ್ತೀನಿ. ನನ್ನಂಗ ಮರ್ತವನು ಇವನೊಬ್ಬನ ಅದಾನ."

ಬೇವಿನ ಕೊಂಬೆಗೆ ಕಂಬಳಿ ಕಟ್ಟಿ ತೊಟ್ಟಿಲು ಮಾಡಿದರು. ಮೀಸೆ ಹೊತ್ತ ಗಂಡಸು ಮೊಣಕಾಲು ಎದೆಗೆ ಮಡಚಿಕೊಂಡು ಅದರಲ್ಲಿ ಮಲಗಿದ. ಜೋಗುಳ ಹಾಡಲು ಹೆಂಗಸರು ನಾಚಿದರು, ಹೆಳವನೇ ಹಾಡಿದ. ದಂಡಪ್ಪ ಅಂತ ಹೆಸರಿಟ್ಟರು. ಯಾರೂ ನಗಲಿಲ್ಲ, ಅವನು ಕಂಬಳಿಯೊಳಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಹುಟ್ಟಿದ ಕೂಸು ಅಳಲೇಬೇಕಲ್ಲ ಅಂತ ಹೆಳವ ಸಮಾಧಾನ ಹೇಳಿದನಂತೆ. ಅದೇ ವಾರ ತಿಮ್ಮವ್ವನಿಗೆ ಉಡಿಕೆಯಾಯಿತು. ಅದು ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಕೊಡುವ ಮದುವೆ, ತನ್ನ ಗಂಡನಿಗೇ ಆದವಳು ನಮ್ಮ ಸೀಮೆಯಲ್ಲಿ ಅವಳೊಬ್ಬಳೇ. ಆ ಹೊಟ್ಟೆಯ ಸಂತತಿ ನಾವು.

ಅನುಮಾನ ಹೋಯಿತೇ? ಎಲ್ಲಿ ಹೋಗುತ್ತದೆ! ದಂಡಪ್ಪ ಕೆರೆಯ ಏರಿ ಕಟ್ಟಿಸಿದ, ಕಳ್ಳರನ್ನು ಒಬ್ಬನೇ ಅಟ್ಟಿದ, ಆದರೂ ಅವನ ನೆರಳು ಬೀಳುತ್ತದೋ ಇಲ್ಲವೋ ಅಂತ ಮಂದಿ ನೋಡುತ್ತಲೇ ಇದ್ದರಂತೆ. ಈರಪ್ಪ ಒಂದು ದಿನವೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಎದುರಿಗೆ ಬಂದರೆ ದಾರಿ ಬಿಟ್ಟು ನಡೆಯುತ್ತಿದ್ದ.

ದಂಡಪ್ಪ ಮುದುಕನಾಗಿ ತೀರಿಕೊಂಡ. ಈ ಸಲ ಊರೆಲ್ಲ ಬಂದು ಹೆಣವನ್ನು ಮುಟ್ಟಿ ಮುಟ್ಟಿ ನೋಡಿತು. ಆ ಸುಗ್ಗಿಗೆ ಹೆಳವ ಬಂದು ಅಂಗಳದಲ್ಲಿ ಕೂತು, ದಂಡಪ್ಪ ಅಂತ ಹಾಡು ಎತ್ತಿಕೊಂಡ. ಆಗ ಈರಪ್ಪ ಕೋಲೂರಿಕೊಂಡು ಬಂದನಂತೆ. ಬಂದು ಹೆಳವನ ಬಾಯಿಗೆ ಕೈ ಅಡ್ಡ ಇಟ್ಟನಂತೆ.

"ಸತ್ತ ಅಂತ ಹಾಡಬ್ಯಾಡೋ. ಒಮ್ಮೆ ಹಾಡಿಸಿ ನನ್ನ ತಮ್ಮನ್ನ ಜೀವಂತ ಕಳಕೊಂಡೀನಿ. ಹೋಗ್ಯಾನ ಅಂತ ಬಿಡು. ತಿರುಗಿ ಬಂದ್ರ ಈ ಸಲ ನಾನು ಬಾಗಿಲು ಹಾಕಂಗಿಲ್ಲ."

ಆವತ್ತಿನಿಂದ ನಮ್ಮ ಮನೆಯಲ್ಲಿ ಹೆಳವ ದಂಡಪ್ಪನ ಹೆಸರು ಹೇಳಿ ಸುಮ್ಮನಾಗುತ್ತಾನೆ. ಮನೆಯ ಹಿರಿಯರು ಎದ್ದು ಬಾಗಿಲು ಪೂರಾ ತೆರೆದು, ಹೊಸ್ತಿಲ ಮೇಲೆ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಇಡುತ್ತಾರೆ. ಆಮೇಲೆ ಮುಂದಿನ ಹೆಸರು. ಹೋದ ಸುಗ್ಗಿಗೆ ನಾನೇ ಇಟ್ಟೆ. ಇದೆಲ್ಲ ಸುಳ್ಳಿರಬಹುದು ಅಂತ ನನಗೆ ಈಗಲೂ ಅನುಮಾನ. ಗಾಳಿಗೆ ಧೂಳು ಒಳಗೆ ಬರುತ್ತದೆ, ಬಾಗಿಲು ಮುಚ್ಚಲೇನು ಅತ್ತೆ ಅಂತ ಸೊಸೆ ಕೇಳಿದಳು. ಮುಚ್ಚಗೊಡಲಿಲ್ಲ.