ಹಿಂದಕ್ಕೆ ಸರಿದ ಹಲಗೆ

ವಾರಿಜಮ್ಮ ಕೈಯಾರೆ ಕೊಯ್ದು ಮಾಡಿದ ಹಲಗೆಯೊಂದು ತಾರಸಿಯ ಮೇಲೆ ಭಾರಿ ದೂರದರ್ಶಕವನ್ನು ಹೊತ್ತು, ಆಕಾಶ ಸರಿದಂತೆಲ್ಲ ಅದರ ನೋಟ ತಪ್ಪದಂತೆ ಗಾಲಿಗಳ ಮೇಲೆ ಮೆಲ್ಲಗೆ ಪಡುವಣಕ್ಕೆ ವಾಲುತ್ತಿತ್ತು. ಚಂದ್ರನ ಹಿಂದೆ ಅಡಗಿದ್ದ ನಕ್ಷತ್ರವೊಂದು ಇನ್ನೇನು ಹೊರಬರುವುದರಲ್ಲಿತ್ತು. ಅಷ್ಟರಲ್ಲಿ ತನ್ನ ಅಡಿಯಲ್ಲಿ ಗಾಲಿಯ ಮೇಲೆ ಜರುಗುವ ಬಿಲ್ಲಿನಂಥ ಕಮಾನು ಕೊನೆಯಂಚಿಗೆ ಬಂದದ್ದು ಹಲಗೆಗೆ ತಿಳಿಯಿತು.

“ಅಣ್ಣಾ, ನನ್ನ ಓಟ ಮುಗಿಯಿತು. ಹೊರಟ ಜಾಗಕ್ಕೆ ಮರಳಬೇಕು,” ಎಂದು ಅದು ದೂರದರ್ಶಕಕ್ಕೆ ಹೇಳಿತು.

“ಈಗಲೇ? ನಕ್ಷತ್ರ ಹೊರಬರುವ ಗಳಿಗೆ ತಪ್ಪಿಹೋದರೆ? ಇನ್ನು ಕೂದಲೆಳೆಯಷ್ಟು ವಾಲು, ಸಾಕು. ಆಕಾಶದ ಜೊತೆ ಓಡುತ್ತೇನೆಂದು ಜಂಬ ಕೊಚ್ಚಿದ್ದು ನೀನೇ ಅಲ್ಲವೇ?”

ಮಾತು ಚುಚ್ಚಿತು. ಹಲಗೆ ಕೂದಲೆಳೆಯಷ್ಟು ವಾಲಿತು. ಕಮಾನಿನ ತುದಿ ಗಾಲಿಯಿಂದ ಜಾರತೊಡಗಿತು. ದೂರದರ್ಶಕದ ಹೊಟ್ಟೆಯೊಳಗೆ ಬೆಳಕು ಹಿಡಿಯುವ ಕನ್ನಡಿ ಗಡಗಡ ನಡುಗಿತು.

“ಅಯ್ಯೋ, ಬೀಳುತ್ತಿದ್ದೇನೆ! ಹಿಡಿದುಕೋ!” ಎಂದು ದೂರದರ್ಶಕ ಕೂಗಿತು.

ಹಲಗೆ ತಕ್ಷಣ ಹಿಂದಕ್ಕೆ ಸರಿಯಿತು, ಹೊರಟ ಜಾಗದವರೆಗೂ ಸರಿಯಿತು. ದೂರದರ್ಶಕದ ಕಣ್ಣಿಂದ ಚಂದ್ರನೇ ಮರೆಯಾದ.

ವಾರಿಜಮ್ಮ ಬಂದು ದೂರದರ್ಶಕವನ್ನು ಮತ್ತೆ ಚಂದ್ರನತ್ತ ತಿರುಗಿಸಿದರು. ನಕ್ಷತ್ರ ಆಗಲೇ ಹೊರಬಂದು ಹೊಳೆಯುತ್ತಿತ್ತು.

“ಹೊರಬರುವುದನ್ನು ನೋಡಲಾಗಲಿಲ್ಲವಲ್ಲ,” ಎಂದು ದೂರದರ್ಶಕ ಗೊಣಗಿತು.

“ಹೊರಬಂದದ್ದನ್ನು ನೋಡಲು ಕನ್ನಡಿ ಉಳಿಯಿತಲ್ಲ, ಅಣ್ಣಾ,” ಎಂದ ಹಲಗೆ ಮತ್ತೆ ಮೆಲ್ಲಗೆ ಪಡುವಣಕ್ಕೆ ವಾಲತೊಡಗಿತು.